ಒಂದೇ ಮಳೆಗೆ ಒಂದು ಮನೆ ಬಿತ್ತು, ಎದುರಿನದು ಯಾಕೆ ಬೀಳಲಿಲ್ಲ?

ಅಣ್ಣಿಗೇರಿ ಕಡೆಯ ಒಂದು ಊರಲ್ಲಿ ನಮ್ಮ ಸೋದರತ್ತೆಯ ಮನೆ ಇದೆ. ಕಲ್ಲು-ಮಣ್ಣಿನ ಗೋಡೆ, ಕಟ್ಟಿಗೆಯ ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. 2019ರ ಆಗಸ್ಟ್‌ನಲ್ಲಿ ಆಶ್ಲೇಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಒಂದು ರಾತ್ರಿ ಎದುರು ಮನೆಯ ಗೋಡೆ ಕುಸಿಯಿತು. ಆ ಮನೆಯವರು ಅವತ್ತು ಪಡಸಾಲೆಯಲ್ಲಿ ಮಲಗಿದ್ದರು, ಹಾಗಾಗಿ ಉಳಿದರು. ಅತ್ತೆಯ ಮನೆಗೆ ಏನೂ ಆಗಲಿಲ್ಲ. ಎರಡೂ ಮನೆ ಹೆಚ್ಚೂ ಕಡಿಮೆ ಒಂದೇ ಕಾಲದವು. ಅದೇ ಓಣಿ, ಅದೇ ಮಣ್ಣು, ಅದೇ ಮಳೆ.

"ದೇವ್ರು ಕಾದಾನು ತಮ್ಮಾ" ಅಂತ ಅತ್ತೆ ಇವತ್ತಿಗೂ ಹೇಳುತ್ತಾರೆ. ನಾನು ಹುಬ್ಬಳ್ಳಿಯಲ್ಲಿ ಸಿವಿಲ್ ಇಂಜಿನಿಯರ್. ಗೋಡೆ ಬಿರುಕು ಬಿಟ್ಟಾಗ ಜನ ಕರೆಯುವ ಆಸಾಮಿ. ಅತ್ತೆಯ ಮಾತಿಗೆ ಎದುರಾಡದೆ, ಮಳೆ ನಿಂತ ಮೇಲೆ ಸುಮ್ನೆ ಎರಡೂ ಮನೆಯ ಬುಡ ನೋಡಿ ಬಂದೆ. ಓಣಿಗೆ ಸಿಸಿ ರಸ್ತೆ ಹಾಕಿದ್ದರು. ಹಳೆಯದನ್ನು ಕೀಳದೆ ಅದರ ಮೇಲೆಯೇ ಹಾಕಿದ್ದರಿಂದ ರಸ್ತೆ ಎತ್ತರವಾಗಿ, ಎದುರು ಮನೆಯ ಹೊಸ್ತಿಲು ತಗ್ಗಿಗೆ ಬಿದ್ದಿತ್ತು. ಓಣಿಯ ನೀರೆಲ್ಲ ಅವರ ಗೋಡೆಯ ಬುಡಕ್ಕೆ ಹೋಗಿ ನಿಲ್ಲುತ್ತಿತ್ತು. ಅತ್ತೆಯ ಮನೆಯ ಮುಂದೆ ಮೂರು ಅಡಿ ಎತ್ತರದ ಕಲ್ಲಿನ ಕಟ್ಟೆ ಇದೆ. ಸಂಜೆ ಹೊತ್ತು ಕೂತು ಹರಟೆ ಹೊಡೆಯಲೆಂದು ಯಾರೋ ಅಜ್ಜ ಕಟ್ಟಿಸಿದ ಕಟ್ಟೆ. ನೀರು ಗೋಡೆಯನ್ನು ಮುಟ್ಟುವ ಮೊದಲು ಆ ಕಟ್ಟೆಯನ್ನು ದಾಟಬೇಕಿತ್ತು. ದಾಟಲಿಲ್ಲ.

ಕಟ್ಟಡಗಳಿಗೆ ನೈಸರ್ಗಿಕ ವಿಕೋಪದಿಂದ ಎಷ್ಟು ಅಪಾಯ ಎಂದು ಅಳೆಯುವುದು ದೊಡ್ಡ ಶಾಸ್ತ್ರ. ಅದಕ್ಕೆ ನಕ್ಷೆ, ಸೂತ್ರ, ಕಂಪ್ಯೂಟರ್ ಎಲ್ಲಾ ಇವೆ. ಆದರೆ ಅದರ ತಿರುಳು ಈ ಎರಡು ಮನೆಗಳ ನಡುವೆಯೇ ಇದೆ.

ಮೂರು ಪ್ರಶ್ನೆ

ಅಪಾಯದ ಲೆಕ್ಕ ಹಾಕುವವರು ಮೂರು ಪ್ರಶ್ನೆ ಕೇಳುತ್ತಾರೆ. ಏನು ಬರಬಹುದು, ಎಷ್ಟು ಸಲ ಬರಬಹುದು? ಮಳೆ, ಹಳ್ಳದ ನೀರು, ಗಾಳಿ, ಭೂಕಂಪ ಇವೆಲ್ಲ ಇಲ್ಲಿ ಬರುತ್ತವೆ. ಅದು ಬರುವ ದಾರಿಯಲ್ಲಿ ಯಾರಿದ್ದಾರೆ, ಏನಿದೆ? ಖಾಲಿ ಹೊಲದಲ್ಲಿ ನೆರೆ ಬಂದರೆ ಬೆಳೆ ಹೋಗುತ್ತದೆ, ಮನೆ ಹೋಗಲ್ಲ. ಮೂರನೆಯದು, ದಾರಿಯಲ್ಲಿರುವುದು ಎಷ್ಟು ಸುಲಭವಾಗಿ ಹಾಳಾದೀತು?

ಈ ಮೂರನ್ನೂ ಗುಣಿಸಬೇಕು, ಕೂಡಿಸುವುದಲ್ಲ. ಗುಣಾಕಾರದಲ್ಲಿ ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ. ಮಳೆಯನ್ನು ಸೊನ್ನೆ ಮಾಡುವುದು ನಮ್ಮ ಕೈಯಲ್ಲಿಲ್ಲ. ಇದ್ದ ಮನೆ ಎತ್ತಿ ಬೇರೆ ಕಡೆ ಇಡುವುದೂ ಆಗಲ್ಲ. ಹಾಗಾಗಿ ನಮ್ಮ ಹಿಡಿತಕ್ಕೆ ಸಿಗುವುದು ಮೂರನೆಯದೊಂದೇ. ನನ್ನ ಅನುಭವದಲ್ಲಿ ಜನ ಮೊದಲನೆಯದರ ಬಗ್ಗೆಯೇ ಜಾಸ್ತಿ ಮಾತಾಡುತ್ತಾರೆ. "ಸರ್, ಹುಬ್ಬಳ್ಳಿಗೆ ಭೂಕಂಪ ಬರ್ತೈತೇನ್ರಿ?" ಅಂತ ಕೇಳುತ್ತಾರೆ. ಕೇಳುವಾಗ ಅವರ ಹಿಂದಿನ ಗೋಡೆಯ ಮೇಲೆ ಬಚ್ಚಲ ನೀರು ಇಳಿಯುತ್ತಿರುತ್ತದೆ.

ಬುಡದಲ್ಲಿ ನೀರು, ತಲೆಯ ಮೇಲೆ ಭಾರ

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಪ್ರತಿ ಮಳೆಗಾಲ ಪತ್ರಿಕೆ ತೆರೆದರೆ ಗೋಡೆ ಕುಸಿತದ ಸುದ್ದಿ ಇದ್ದೇ ಇರುತ್ತದೆ. ದೊಡ್ಡ ನೆರೆ ಬಂದ ವರ್ಷ ಟಿವಿಯವರು ಬರುತ್ತಾರೆ. ಉಳಿದ ವರ್ಷ ಒಂದು, ಎರಡು, ನಾಲ್ಕು ಅಂತ ಸದ್ದಿಲ್ಲದೆ ಮನೆಗಳು ಬೀಳುತ್ತಿರುತ್ತವೆ.

ಒಣಗಿದ ಮಣ್ಣಿನ ಗೋಡೆ ತುಂಬಾ ಗಟ್ಟಿ. ಎರಡು ಅಡಿ ದಪ್ಪದ ಗೋಡೆ ನೂರು ವರ್ಷ ನಿಂತದ್ದು ನಾನೇ ನೋಡಿದ್ದೇನೆ. ಮಣ್ಣಿನ ಕಣಗಳ ನಡುವೆ ತೆಳ್ಳನೆಯ ತೇವದ ಪದರ ಇರುತ್ತದೆ, ಅದೇ ಕಣಗಳನ್ನು ಒಂದಕ್ಕೊಂದು ಎಳೆದು ಹಿಡಿದಿರುತ್ತದೆ. ನೀರು ಜಾಸ್ತಿಯಾಗಿ ಕಣಗಳ ನಡುವಿನ ಸಂದು ಪೂರ್ತಿ ತುಂಬಿದರೆ ಆ ಹಿಡಿತ ಹೋಗುತ್ತದೆ. ಕಡಕ್ ರೊಟ್ಟಿಯನ್ನು ನೆನಪಿಸಿಕೊಳ್ಳಿ. ಒಣಗಿದ್ದಾಗ ಕೈಯಲ್ಲಿ ಮುರಿಯಲು ಬಲ ಬೇಕು. ಒಂದು ತುದಿ ಸಾರಿನಲ್ಲಿ ಅದ್ದಿ ಎತ್ತಿದರೆ ತನ್ನ ಭಾರಕ್ಕೆ ತಾನೇ ಹರಿದು ಬೀಳುತ್ತದೆ. ಗೋಡೆಯಲ್ಲೂ ಅಷ್ಟೇ. ಇಡೀ ಗೋಡೆ ನೆನೆಯಬೇಕಾಗಿಲ್ಲ, ಬುಡದ ಒಂದು ಅಡಿ ನೆನೆದರೆ ಸಾಕು. ಮೇಲಿನದು ಗಟ್ಟಿಯಾಗಿದ್ದರೂ ನಿಲ್ಲಲು ಕಾಲಿಲ್ಲ.

ದಪ್ಪ ಗೋಡೆಯೊಳಗೆ ನೀರು ನಿಧಾನವಾಗಿ ಹರಡುತ್ತದೆ. ಅದಕ್ಕೇ ಮಳೆ ನಿಂತು ಬಿಸಿಲು ಬಿದ್ದ ಮೇಲೂ ಗೋಡೆ ಬೀಳುವುದುಂಟು. "ಮಳಿ ಹೋತು, ಇನ್ನೇನ ಅಂಜಿಕಿ" ಅಂತ ಒಳಗೆ ಮಲಗುವವರು ಇನ್ನೂ ಎರಡು ಮೂರು ದಿನ ಕಾಯಬೇಕು.

ಇನ್ನು ತಲೆಯ ಮೇಲಿನ ಭಾರ. ನಮ್ಮ ಮಾಳಿಗೆ ಮನೆಗಳ ಚಾವಣಿಯಲ್ಲಿ ಒಂದು ಅಡಿ ಮಣ್ಣು ಇರುವುದು ಸಾಮಾನ್ಯ. ಬೇಸಿಗೆಯಲ್ಲಿ ಒಳಗೆ ತಂಪು, ಅದೇ ಅದರ ಸೊಗಸು. ಆದರೆ ಲೆಕ್ಕ ಹಾಕಿ ನೋಡಿ. ಒಂದು ಘನ ಮೀಟರ್ ಒಣ ಮಣ್ಣು ಸುಮಾರು 1,600 ಕೆಜಿ. ಒಂದು ಅಡಿ ದಪ್ಪ ಅಂದರೆ ಚದರ ಮೀಟರಿಗೆ ಹತ್ತಿರ ಹತ್ತಿರ 490 ಕೆಜಿ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಒಂದು ಕೋಣೆಯ ಮೇಲೆ ಐದೂವರೆ ಟನ್ ಆಯಿತು. ಕೆಳಗೆ ಮಲಗಿದವರ ಮೇಲೆ ಒಂದು ತುಂಬಿದ ಟೆಂಪೊ ನಿಲ್ಲಿಸಿದ ಹಾಗೆ. ಐದು ಇಂಚಿನ ಕಾಂಕ್ರೀಟ್ ಸ್ಲ್ಯಾಬ್ ಚದರ ಮೀಟರಿಗೆ 320 ಕೆಜಿ ಆಸುಪಾಸು, ಅಂದರೆ ಮಣ್ಣಿಗಿಂತ ಹಗುರ. ಈ ಮಾತು ಹೇಳಿದರೆ ಬಹಳ ಜನ ನಂಬಲ್ಲ. ಜೊತೆಗೆ ಮಾಳಿಗೆ ಸೋರಿದಾಗಲೆಲ್ಲ ಹಳೆಯ ಮಣ್ಣು ತೆಗೆಯದೆ ಮೇಲೆ ಹೊಸ ಮಣ್ಣು ಹಾಕುತ್ತಾ ಬಂದಿರುತ್ತಾರೆ. ಅತ್ತೆಯ ಮನೆಯಲ್ಲಿ ಬೆಳಕಿಂಡಿಯ ಪಕ್ಕ ಅಳೆದಾಗ ಒಂದೂವರೆ ಅಡಿ ಸಿಕ್ಕಿತು. ಎಷ್ಟು ತಲೆಮಾರಿನ ಸೋರಿಕೆಯೋ ಏನೋ!

ಜಂತಿಯನ್ನು ನೋಡುವುದು ಸುಲಭ. ಸ್ಕ್ರೂಡ್ರೈವರ್ ತಗೊಂಡು ಗೋಡೆಯೊಳಗೆ ಹೊಗುವ ತುದಿಯಲ್ಲಿ ಚುಚ್ಚಿ. ಗಟ್ಟಿ ಕಟ್ಟಿಗೆಗೆ ಮೊನೆ ಇಳಿಯಲ್ಲ. ಗೆದ್ದಲು ತಿಂದಿದ್ದರೆ ಅರ್ಧ ಇಂಚು ಸರಾಗ ಇಳಿಯುತ್ತದೆ. ನಡುವೆ ಚುಚ್ಚಿ ಗಟ್ಟಿ ಐತಿ ಅಂತ ಬಿಡುವವರೇ ಜಾಸ್ತಿ. ಕೊಳೆಯುವುದು ಗೋಡೆಯ ತೇವ ಸಿಗುವ ತುದಿ, ನಡು ಅಲ್ಲ.

ಕಲ್ಲಿನ ಗೋಡೆಯಾದರೆ ಹೊಟ್ಟೆ ಬಂದಿದೆಯಾ ನೋಡಬೇಕು. ನಮ್ಮ ಹಳೆಯ ಕಲ್ಲಿನ ಗೋಡೆಗಳಲ್ಲಿ ಬಹಳಷ್ಟು ನಿಜವಾಗಿ ಎರಡು ಗೋಡೆ. ಹೊರಗೊಂದು ಸಾಲು, ಒಳಗೊಂದು ಸಾಲು, ನಡುವೆ ಸಣ್ಣ ಕಲ್ಲು, ಮಣ್ಣು. ಎರಡೂ ಮುಖ ತಲುಪುವ ಉದ್ದ ಕಲ್ಲನ್ನು ಅಲ್ಲಲ್ಲಿ ಇಟ್ಟಿದ್ದರೆ ಅವು ಜೊತೆಯಾಗಿ ನಿಲ್ಲುತ್ತವೆ. ಇಡದಿದ್ದರೆ ಕಾಲ ಕಳೆದಂತೆ ಒಂದು ಸಾಲು ಹೊರಕ್ಕೆ ಉಬ್ಬುತ್ತದೆ. ಗೌಂಡಿಯ ತೂಗುಗುಂಡು ಇಳಿಬಿಟ್ಟರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಕಾಲಡಿಯ ಎರೆ

ಹುಬ್ಬಳ್ಳಿಗೂ ಧಾರವಾಡಕ್ಕೂ 20 ಕಿ.ಮೀ. ಅಂತರ. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು, ಗುಡ್ಡದ ಇಳಿಜಾರು. ಹುಬ್ಬಳ್ಳಿ ದಾಟಿ ನವಲಗುಂದ, ಅಣ್ಣಿಗೇರಿ, ಗದಗ, ನರಗುಂದದ ಕಡೆ ಹೋದರೆ ಎರೆ ಭೂಮಿ, ಅಂದರೆ ಕಪ್ಪು ಮಣ್ಣು. ಹತ್ತಿಗೆ, ಕಡಲೆಗೆ, ಬಿಳಿಜೋಳಕ್ಕೆ ಇದಕ್ಕಿಂತ ಒಳ್ಳೆ ಮಣ್ಣಿಲ್ಲ. ಮನೆಗೆ ಇದಕ್ಕಿಂತ ತರಲೆ ಮಣ್ಣಿಲ್ಲ.

ಎರೆಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಖನಿಜ ಜಾಸ್ತಿ. ಪುಸ್ತಕದ ಹಾಳೆಗಳ ಹಾಗೆ ಪದರ ಪದರ. ಮಳೆಗಾಲದಲ್ಲಿ ಹಾಳೆಗಳ ನಡುವೆ ನೀರು ಸೇರಿ ಪುಸ್ತಕ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ಹೊಲದ ಬಿರುಕಿಗೆ ಕುಡಗೋಲು ಬಿದ್ದರೆ ಕೈ ಹಾಕಿ ತೆಗೆಯಬೇಕು, ಅಷ್ಟು ಅಗಲ. ಅದೇ ಬಿರುಕು ನಿಮ್ಮ ಬುನಾದಿಯ ಕೆಳಗೂ ಬಿಡುತ್ತದೆ ಅಲ್ವಾ? ಪೂರ್ತಿ ಹಾಗಲ್ಲ. ಮನೆಯ ನಡುಭಾಗದ ಕೆಳಗೆ ಬಿಸಿಲೂ ಬೀಳಲ್ಲ, ಮಳೆಯೂ ಬೀಳಲ್ಲ, ತೇವ ಹೆಚ್ಚೂ ಕಡಿಮೆ ಒಂದೇ ಸಮ ಇರುತ್ತದೆ. ಅಂಚಿನ ಕೆಳಗೆ ಮಾತ್ರ ಒಣಗುವುದು, ನೆನೆಯುವುದು ನಡೆಯುತ್ತಲೇ ಇರುತ್ತದೆ. ನಡು ನಿಂತಲ್ಲೇ ನಿಂತು ಅಂಚು ಏರಿ ಇಳಿದರೆ ಮನೆ ಬಾಗುತ್ತದೆ. ಇಟ್ಟಿಗೆಗೆ ಬಾಗುವುದು ಗೊತ್ತಿಲ್ಲ, ಸೀಳುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಡುವ ಬಿರುಕು ಕಂಡರೆ ಮೊದಲ ಅನುಮಾನ ಮಣ್ಣಿನ ಮೇಲೆ.

ಇನ್ನೊಂದು ತಮಾಷೆ ಎಂದರೆ ಎರೆಯ ಕಾಟ ಹಗುರ ಕಟ್ಟಡಕ್ಕೇ ಜಾಸ್ತಿ. ಉಬ್ಬುವ ಮಣ್ಣನ್ನು ಮೂರು ಅಂತಸ್ತಿನ ಭಾರ ಒತ್ತಿ ಹಿಡಿಯಬಹುದು, ಕಂಪೌಂಡ್ ಗೋಡೆ ಹಿಡಿಯಲಾರದು. ಹುಬ್ಬಳ್ಳಿಯ ಹೊಸ ಬಡಾವಣೆಗಳಲ್ಲಿ ಸುತ್ತಿ ಬನ್ನಿ, ಕಂಪೌಂಡ್ ಗೋಡೆಗಳು ಅಲೆಅಲೆಯಾಗಿ ನಿಂತಿರುತ್ತವೆ.

ನಮ್ಮದೇ ಮನೆಯ ಕಥೆ ಹೇಳುತ್ತೇನೆ. ಕಟ್ಟಿ ಮೂರನೇ ವರ್ಷಕ್ಕೆ ಹಿಂದಿನ ಕೋಣೆಯಲ್ಲಿ ಬಿರುಕು ಕಾಣಿಸಿತು. ಗುತ್ತಿಗೆದಾರರನ್ನು ಬಾಯಿಗೆ ಬಂದಂತೆ ಬೈದೆ. ಆಮೇಲೆ ನೋಡಿದರೆ ತಪ್ಪು ನನ್ನದೇ. ಬಟ್ಟೆ ಒಗೆಯುವ ಕಲ್ಲಿನ ನೀರು ಸುಮ್ನೆ ಹಾಳಾಗಬಾರದು ಅಂತ ಗೋಡೆಯ ಪಕ್ಕದ ಬಾಳೆಗಿಡಕ್ಕೆ ಬಿಟ್ಟಿದ್ದೆ. ಆ ಒಂದು ಮೂಲೆ ವರ್ಷವಿಡೀ ಉಬ್ಬಿಯೇ ಇತ್ತು, ಉಳಿದ ಮೂರು ಮೂಲೆ ಬೇಸಿಗೆಯಲ್ಲಿ ಕುಗ್ಗುತ್ತಿದ್ದವು. ಊರವರಿಗೆಲ್ಲ ಹೇಳುವ ಇಂಜಿನಿಯರ್ ಮನೆಯ ಸ್ಥಿತಿ ಇದು.

ಜಾಗ ಕೊಳ್ಳುವ ಮೊದಲು ಮಣ್ಣಿನ ಗುಣ ನೋಡಲು ಒಂದು ಸರಳ ಪರೀಕ್ಷೆ ಇದೆ. ಪ್ರಯೋಗಾಲಯದಲ್ಲಿ ಮಾಡುವುದೂ ಇದನ್ನೇ. ಎರಡು ಮೂರು ಅಡಿ ಆಳದ ಮಣ್ಣು ತಂದು ಒಣಗಿಸಿ, ಪುಡಿ ಮಾಡಿ, ಸಣ್ಣ ಜರಡಿಯಲ್ಲಿ ಹಿಡಿಯಿರಿ. 10 ಗ್ರಾಂ ಒಂದು ಅಳತೆಯ ಗಾಜಿನ ಕೊಳವೆಗೆ ಹಾಕಿ ನೀರು ತುಂಬಿ. ಇನ್ನೊಂದು 10 ಗ್ರಾಂ ಮತ್ತೊಂದು ಕೊಳವೆಗೆ ಹಾಕಿ ಸೀಮೆಎಣ್ಣೆ ತುಂಬಿ. ಚೆನ್ನಾಗಿ ಕಲಕಿ ಒಂದು ದಿನ ಬಿಡಿ. ಸೀಮೆಎಣ್ಣೆಯಲ್ಲಿ ಜೇಡಿ ಉಬ್ಬಲ್ಲ, ನೀರಿನಲ್ಲಿ ಉಬ್ಬುತ್ತದೆ. ಸೀಮೆಎಣ್ಣೆಯಲ್ಲಿ 10 ಮಿ.ಲೀ. ಗುರುತಿಗೆ ನಿಂತದ್ದು ನೀರಿನಲ್ಲಿ 18ಕ್ಕೆ ನಿಂತರೆ ಶೇ. 80 ಉಬ್ಬಿದೆ ಎಂದರ್ಥ. 50ರ ಒಳಗಿದ್ದರೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. 100 ದಾಟಿದರೆ ಮಾಮೂಲಿ ಬುನಾದಿಯ ಆಸೆ ಬಿಡಿ. ಈಗ ಸೀಮೆಎಣ್ಣೆ ಹುಡುಕುವುದೇ ಪರೀಕ್ಷೆಗಿಂತ ಕಷ್ಟ, ಅದು ಬೇರೆ ಮಾತು.

ಎರೆಗೆ ಪರಿಹಾರವೂ ಇದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂಥ ಮಣ್ಣಿಗೆಂದೇ ಒಂದು ಬಗೆಯ ಪೈಲ್ ಬುನಾದಿ ರೂಪಿಸಿದರು. ನೆಲಕ್ಕೆ ಸುಮಾರು ಮೂರೂವರೆ ಮೀಟರ್ ತೂತು ಕೊರೆದು, ತಳದಲ್ಲಿ ಗಡ್ಡೆಯ ಹಾಗೆ ಅಗಲ ಮಾಡಿ ಕಾಂಕ್ರೀಟ್ ತುಂಬುವುದು. ಅಷ್ಟು ಆಳದಲ್ಲಿ ಬೇಸಿಗೆ-ಮಳೆಗಾಲದ ಏರಿಳಿತ ಮುಟ್ಟಲ್ಲ, ಆ ಗಡ್ಡೆ ಮನೆಯನ್ನು ಹಿಡಿದುಕೊಳ್ಳುತ್ತದೆ. ಪೈಲ್‌ಗಳ ಮೇಲಿನ ತೊಲೆ ಮತ್ತು ನೆಲದ ನಡುವೆ ಸ್ವಲ್ಪ ಸಂದು ಬಿಡಬೇಕು. ಮಣ್ಣು ಉಬ್ಬಿದರೆ ಆ ಸಂದಿಗೆ ಉಬ್ಬಲಿ, ಮನೆಯನ್ನು ಎತ್ತುವುದು ಬೇಡ. ಇದಕ್ಕೆ ದುಡ್ಡಿಲ್ಲದವರು ಎರೆ ಅಗೆದು ತೆಗೆದು ಉಬ್ಬದ ಗರಸು ಮಣ್ಣು ತುಂಬಿಸುತ್ತಾರೆ. ಎರೆ ಆಳವಾಗಿಲ್ಲದ ಕಡೆ ಇದು ನಡೆಯುತ್ತದೆ.

ಹಗೇವಿನ ಬಾಯಿ

ನರಗುಂದದ ವಿಷಯ ಬೇರೆಯದೇ. ಅಲ್ಲಿ ಕೆಲವು ಬಡಾವಣೆಗಳಲ್ಲಿ ಮಳೆಗಾಲ ಬಂದರೆ ನೆಲ ಇದ್ದಕ್ಕಿದ್ದಂತೆ ಒಳಗೆ ಹೋಗುತ್ತದೆ. ಮನೆಯ ಮುಂದೆ, ರಸ್ತೆಯ ನಡುವೆ, ಕೆಲವು ಸಲ ಅಡುಗೆ ಮನೆಯೊಳಗೇ. ಮುಖ್ಯ ಅನುಮಾನ ಹಳೆಯ ಹಗೇವುಗಳ ಮೇಲೆ. ಜೋಳ ಕೂಡಿಡಲು ಹಿಂದಿನವರು ಗಟ್ಟಿ ನೆಲದಲ್ಲಿ ಕೊರೆದ ಕುಳಿಗಳಿವು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಅಗಲ. ಬಳಕೆ ನಿಂತ ಮೇಲೆ ಬಾಯಿಗೆ ಕಲ್ಲು ಮುಚ್ಚಿ ಮರೆತರು. ಮೇಲೆ ರಸ್ತೆ ಬಂತು, ಮನೆ ಬಂತು. ನೀರಾವರಿ ಬಂದ ಮೇಲೆ ಅಂತರ್ಜಲ ಮೇಲೇರಿತು. ನೆನೆದ ಹಗೇವಿನ ಗೋಡೆ ಜರಿದರೆ ಮೇಲಿನ ನೆಲಕ್ಕೆ ಆಸರೆ ಇಲ್ಲ.

ಇಂಥ ಅಪಾಯ ಯಾವ ಸರ್ಕಾರಿ ನಕ್ಷೆಯಲ್ಲೂ ಮನೆಮನೆಯ ಮಟ್ಟದಲ್ಲಿ ಸಿಗಲ್ಲ. ಅದು ಇರುವುದು ಊರ ಹಿರಿಯರ ತಲೆಯಲ್ಲಿ. "ನಿಮ್ಮ ಓಣ್ಯಾಗ ಹಗೇವು ಎಲ್ಲೆಲ್ಲಿ ಇದ್ದವು ಯಜ್ಜಾ?" ಎಂದು ಕೇಳಿದರೆ ಬೆರಳು ಮಾಡಿ ತೋರಿಸುವವರು ಇನ್ನೂ ಇದ್ದಾರೆ. ಎಂಬತ್ತು ದಾಟಿದವರು. ಬೇಗ ಕೇಳಬೇಕು.

ಹಳ್ಳದ ಲೆಕ್ಕ

ಧಾರವಾಡ ಜಿಲ್ಲೆಯಲ್ಲಿ ಬೆಣ್ಣೆಹಳ್ಳ, ತುಪ್ಪರಿಹಳ್ಳ ಅಂತ ಎರಡು ಹಳ್ಳ. ಹೆಸರಲ್ಲಿ ಬೆಣ್ಣೆ-ತುಪ್ಪ, ಕೆಲಸದಲ್ಲಿ ಮಾತ್ರ ಆ ಮೆತ್ತಗಿನ ಗುಣ ಇಲ್ಲ. ಎರೆ ಬಯಲು ಚಪ್ಪಟೆ. ಒಮ್ಮೆ ನೆನೆದ ಎರೆ ಮುಂದೆ ನೀರು ಕುಡಿಯಲ್ಲ, ಬಿದ್ದದ್ದೆಲ್ಲ ಹಳ್ಳಕ್ಕೆ. ಬೆಣ್ಣೆಹಳ್ಳ ಹೋಗಿ ಮಲಪ್ರಭೆಗೆ ಸೇರಬೇಕು. ಮಲಪ್ರಭೆಯೇ ತುಂಬಿ ಹರಿಯುತ್ತಿದ್ದರೆ ಹಳ್ಳದ ನೀರು ಹೋಗಲು ಜಾಗವಿಲ್ಲದೆ ಹಿಂದಕ್ಕೆ ನಿಲ್ಲುತ್ತದೆ. 2019ರಲ್ಲಿ ನರಗುಂದ ತಾಲೂಕಿನ ಕೊಣ್ಣೂರು, ಲಖಮಾಪುರದಂಥ ಹೊಳೆದಂಡೆಯ ಊರುಗಳು ಮುಳುಗಿದಾಗ ನವಿಲುತೀರ್ಥ ಅಣೆಕಟ್ಟಿನಿಂದಲೂ ಭಾರಿ ನೀರು ಬಿಟ್ಟಿದ್ದರು. ಹಾವೇರಿ ಕಡೆ ಇದೇ ಪಾಡು ವರದಾ, ಧರ್ಮಾ, ಕುಮುದ್ವತಿ, ತುಂಗಭದ್ರೆಯ ದಂಡೆಯವರದು.

"ನೂರು ವರ್ಷಕ್ಕೊಮ್ಮೆ ಬರುವ ನೆರೆ" ಅಂತ ಅಧಿಕಾರಿಗಳು ಹೇಳುವುದನ್ನು ಕೇಳಿರುತ್ತೀರಿ. ಈ ಮಾತಿನಷ್ಟು ದಾರಿ ತಪ್ಪಿಸುವ ಮಾತು ಇನ್ನೊಂದಿಲ್ಲ. 2019ರಲ್ಲಿ ಬಂತು, ಇನ್ನು 2119ಕ್ಕೆ ಅಂತ ಅರ್ಥವಲ್ಲ. ಯಾವುದೇ ಒಂದು ವರ್ಷದಲ್ಲಿ ಅದು ಬರುವ ಸಾಧ್ಯತೆ ನೂರಕ್ಕೆ ಒಂದು ಅಂತ ಅಷ್ಟೇ. ನೂರು ಗೋಲಿ ಇರುವ ಚೀಲದಲ್ಲಿ ಒಂದು ಕೆಂಪು. ಪ್ರತಿ ವರ್ಷ ಕಣ್ಣು ಮುಚ್ಚಿ ಒಂದು ತೆಗೆಯಬೇಕು, ನೋಡಿ ವಾಪಸ್ ಹಾಕಬೇಕು. ಈ ವರ್ಷ ಕೆಂಪು ಬಂದರೂ ಮುಂದಿನ ವರ್ಷ ಚೀಲ ಮತ್ತೆ ಹಾಗೇ ಇರುತ್ತದೆ. ಮೂವತ್ತು ವರ್ಷ ಒಂದು ಮನೆಯಲ್ಲಿ ಇರುತ್ತೀರಿ ಎಂದರೆ ಒಮ್ಮೆಯಾದರೂ ಕೆಂಪು ಸಿಗುವ ಸಾಧ್ಯತೆ ಶೇ. 26. ನಾಲ್ಕರಲ್ಲಿ ಒಂದು. ಇಪ್ಪತ್ತೈದು ವರ್ಷಕ್ಕೊಮ್ಮೆ ಎನ್ನುವ ನೆರೆಯಾದರೆ ಅದೇ ಮೂವತ್ತು ವರ್ಷದಲ್ಲಿ ಶೇ. 70. ಸಾಲದ ಕಂತು ತೀರುವುದರೊಳಗೆ ಬಂದೇ ಬರುತ್ತದೆ ಎಂದು ಲೆಕ್ಕ ಇಟ್ಟುಕೊಳ್ಳುವುದು ವಾಸಿ.

ನಿಮ್ಮ ಮನೆಗೆ ಎಷ್ಟು ನೀರು ಬಂದೀತು ಎಂದು ತಿಳಿಯಲು ಉಪಗ್ರಹ ಬೇಕಿಲ್ಲ. ಊರಲ್ಲಿ 2019ರ ನೀರಿನ ಗುರುತು ಇರುವ ಒಂದು ಗೋಡೆ ಹುಡುಕಿ. ಗುಡಿ, ಶಾಲೆ, ಯಾವುದಾದರೂ ಸರಿ. ಗೌಂಡಿಗಳ ಹತ್ತಿರ ನೀರು ತುಂಬಿದ ಪಾರದರ್ಶಕ ಲೆವೆಲ್ ಪೈಪು ಇರುತ್ತದೆ. ಒಂದು ತುದಿ ಆ ಗುರುತಿಗೆ ಹಿಡಿದು, ಇನ್ನೊಂದು ತುದಿ ಹಂತ ಹಂತವಾಗಿ ನಿಮ್ಮ ಮನೆವರೆಗೆ ತನ್ನಿ. ಅದು ಹೊಸ್ತಿಲ ಕೆಳಗೆ ನಿಂತರೆ ಸಮಾಧಾನ. ಸ್ವಿಚ್‌ಬೋರ್ಡಿನ ಮಟ್ಟಕ್ಕೆ ನಿಂತರೆ ಬೋರ್ಡನ್ನಾದರೂ ಮೇಲಕ್ಕೆ ಸರಿಸಬಹುದು.

ನೀರಿನ ಎತ್ತರದಷ್ಟೇ ಅದು ಎಷ್ಟು ಹೊತ್ತು ನಿಂತಿತು ಎನ್ನುವುದೂ ಮುಖ್ಯ. ಎರಡು ಅಡಿ ನೀರು ಅರ್ಧ ದಿನ ನಿಂತು ಹೋದರೆ ಸಿಮೆಂಟಿನ ಇಟ್ಟಿಗೆ ಮನೆಗೆ ವೈರಿಂಗ್, ಬಾಗಿಲು, ಬಣ್ಣದ ಖರ್ಚು. ಅದೇ ಎರಡು ಅಡಿ ಮೂರು ದಿನ ನಿಂತರೆ ಮಣ್ಣಿನ ಮನೆ ಉಳಿಯುವುದು ಕಷ್ಟ. ಅಪಾಯ ಅಳೆಯುವವರು ಒಂದೊಂದು ಬಗೆಯ ಮನೆಗೂ ಇಷ್ಟು ಅಡಿ ನೀರಿಗೆ ಇಷ್ಟು ಹಾನಿ ಅಂತ ಒಂದು ಗೆರೆ ಎಳೆದಿಟ್ಟುಕೊಂಡಿರುತ್ತಾರೆ. ಸಿಮೆಂಟು ಮನೆಯ ಗೆರೆ ನಿಧಾನ ಏರುತ್ತದೆ, ಮಣ್ಣಿನ ಮನೆಯದು ಒಮ್ಮೆಲೆ ಮೇಲಕ್ಕೆ ಹಾರುತ್ತದೆ.

ಹುಬ್ಬಳ್ಳಿ ಪೇಟೆಯೊಳಗೆ ಹೊಳೆ ಇಲ್ಲ, ಉಣಕಲ್ ನಾಲಾ ಇದೆ. ಕೆರೆ ತುಂಬಿ, ಮೇಲೆ ಒಂದು ತಾಸು ಜೋರು ಮಳೆ ಬಿದ್ದರೆ ನಾಲಾದ ಪಕ್ಕದ ಓಣಿಗಳಿಗೆ ನೀರು ನುಗ್ಗುತ್ತದೆ. ಅಲ್ಲಿ ಮನೆ ನೋಡಲು ಹೋಗುವವರು ಜನವರಿಯಲ್ಲಿ ಹೋಗಬೇಡಿ.

ಪತ್ರಾಸ್ ಹಾರುವುದು

ಮುಂಗಾರಿಗೆ ಮುಂಚಿನ ಏಪ್ರಿಲ್-ಮೇ ಗಾಳಿಗೆ ಪತ್ರಾಸ್, ಅಂದರೆ ಚಾವಣಿಯ ತಗಡು, ಹಾರಿ ಹೋಗುವುದು ನಮ್ಮ ಕಡೆ ಹೊಸದಲ್ಲ. ಗಾಳಿ ತಗಡನ್ನು ತಳ್ಳುತ್ತದೆ ಅಂದುಕೊಳ್ಳುತ್ತೇವೆ. ಮುಖ್ಯವಾಗಿ ಅದು ಮೇಲಕ್ಕೆ ಎಳೆಯುತ್ತದೆ. ಗಂಟೆಗೆ 90 ಕಿ.ಮೀ. ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 38 ಕೆಜಿ. ಮೂರು ಮೀಟರ್ ಉದ್ದ, ಒಂದು ಮೀಟರ್ ಅಗಲದ ಶೀಟಿಗೆ 115 ಕೆಜಿ ಆಯಿತು. ಶೀಟಿನ ಸ್ವಂತ ತೂಕ ಹತ್ತು ಹನ್ನೆರಡು ಕೆಜಿ. ಮೇಲೆ ನಾಲ್ಕು ಕಲ್ಲು ಇಟ್ಟರೆ ಇನ್ನೊಂದು 40 ಕೆಜಿ. ಉಳಿದದ್ದನ್ನು ಬೋಲ್ಟು ಹಿಡಿಯಬೇಕು, ಬೋಲ್ಟು ಇಲ್ಲದಿದ್ದರೆ ಕಲ್ಲೂ ಶೀಟಿನ ಜೊತೆಗೇ ಹಾರುತ್ತದೆ. ಅಂಚಿನಲ್ಲಿ, ಮೂಲೆಯಲ್ಲಿ ಎಳೆತ ಇನ್ನೂ ಜಾಸ್ತಿ, ಅಲ್ಲಿ ಬೋಲ್ಟುಗಳನ್ನು ಹತ್ತಿರ ಹತ್ತಿರ ಹಾಕಿಸಿ. ಗಾಳಿಯ ಬಗ್ಗೆ ಇಷ್ಟು ಸಾಕು.

ಭೂಕಂಪ ಬರುತ್ತಾ?

ಕೊನೆಗೂ ಎಲ್ಲರೂ ಕೇಳುವ ಪ್ರಶ್ನೆ. ಕಟ್ಟಡಗಳು ಭೂಕಂಪ ತಡೆಯುವಂತೆ ರೂಪಿಸಲು ಇರುವ ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿಯಲ್ಲಿ ಧಾರವಾಡ ಮೂರನೇ ವಲಯದಲ್ಲಿದೆ. ಎರಡರಿಂದ ಐದರವರೆಗಿನ ವಲಯಗಳಲ್ಲಿ ಇದು ಮಧ್ಯಮ. ಹಿಮಾಲಯದ ಹಾಗೆ ಪದೇ ಪದೇ ನಡುಗುವ ನೆಲವಲ್ಲ ನಮ್ಮದು. ಅಂದರೆ ಬರುವ ಸಾಧ್ಯತೆ ಕಡಿಮೆ. ಸೊನ್ನೆ ಅಲ್ಲ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಸುಮಾರು 6.2 ಪ್ರಮಾಣದ ಭೂಕಂಪ ಆಯಿತು. ಆ ಪ್ರದೇಶ ಆಗಿನ ನಕ್ಷೆಯಲ್ಲಿ ಒಂದನೇ ವಲಯದಲ್ಲಿತ್ತು, ಅಂದರೆ ಅತಿ ಕಡಿಮೆ ಅಪಾಯದ್ದು. ಗಣಪತಿ ಬಿಟ್ಟು ಬಂದು ಮಲಗಿದ್ದ ಸಾವಿರಾರು ಜನ ಏಳಲೇ ಇಲ್ಲ. ಅವರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ ಮತ್ತು ಮೇಲಿನ ಮಣ್ಣಿನ ಮಾಳಿಗೆ. ಥೇಟ್ ನಮ್ಮ ಅತ್ತೆಯ ಮನೆ. 2002ರಲ್ಲಿ ಒಂದನೇ ವಲಯವನ್ನೇ ನಕ್ಷೆಯಿಂದ ತೆಗೆದು ಎರಡರೊಳಗೆ ಸೇರಿಸಿದರು.

ಭೂಕಂಪದ ಬಲ ಕಟ್ಟಡದ ತೂಕಕ್ಕೆ ತಕ್ಕಂತೆ ಬೀಳುತ್ತದೆ. ಮೂರನೇ ವಲಯದಲ್ಲಿ ಕಬ್ಬಿಣ ಇಲ್ಲದ ಸಾದಾ ಗೋಡೆಯ ಮನೆಗೆ ಸ್ಥೂಲವಾಗಿ ಅದರ ತೂಕದ ಏಳೆಂಟನೇ ಒಂದು ಪಾಲನ್ನು ಅಡ್ಡಡ್ಡ ತಳ್ಳಿದ ಲೆಕ್ಕ ಇಡುತ್ತೇವೆ. ಮೇಲೆ ಹೇಳಿದ ಐದೂವರೆ ಟನ್ ಮಾಳಿಗೆಗೆ ಅದು 700 ಕೆಜಿ, ಅದೂ ಆ ಕಡೆಗೊಮ್ಮೆ ಈ ಕಡೆಗೊಮ್ಮೆ. ನಾಲ್ಕೂ ಗೋಡೆಗಳನ್ನು ಒಂದು ಸುತ್ತು ಹಿಡಿದು ಕಟ್ಟುವ ಕಾಂಕ್ರೀಟ್ ಪಟ್ಟಿ ಕಿಟಕಿ-ಬಾಗಿಲ ಮೇಲಿದ್ದರೆ ಮನೆ ಪೆಟ್ಟಿಗೆಯ ಹಾಗೆ ಒಟ್ಟಾಗಿ ಅಲ್ಲಾಡುತ್ತದೆ. ಇಲ್ಲದಿದ್ದರೆ ನಾಲ್ಕು ಗೋಡೆ ನಾಲ್ಕು ದಿಕ್ಕಿಗೆ. ಹೊಸ ಮನೆಗೆ ಈ ಪಟ್ಟಿಯ ಖರ್ಚು ಒಟ್ಟು ಖರ್ಚಿನಲ್ಲಿ ಸಣ್ಣ ಪಾಲು. ಕಿಟಕಿಯ ಮೇಲೆ ಮಾತ್ರ ತುಂಡು ತುಂಡಾಗಿ ಹಾಕಿ ಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅಪಾರ್ಟ್‌ಮೆಂಟಿನವರೂ ಕೆಳಗೆ ಇಳಿದು ನೋಡಿ. ಕೆಳಗೆ ಪಾರ್ಕಿಂಗ್‌ಗೆಂದು ಬರೀ ಕಂಬ, ಮೇಲೆ ಗೋಡೆ ತುಂಬಿದ ನಾಲ್ಕು ಅಂತಸ್ತು ಇದ್ದರೆ ಎಲ್ಲಾ ಓಲಾಟ ಆ ಕಂಬಗಳ ಮೇಲೆಯೇ. 2001ರ ಜನವರಿ 26ರಂದು ಭುಜ್ ನಡುಗಿದಾಗ 200 ಕಿ.ಮೀ.ಗೂ ದೂರದ ಅಹಮದಾಬಾದಿನಲ್ಲಿ ಬಿದ್ದ ಕಟ್ಟಡಗಳಲ್ಲಿ ಇಂಥವು ಬಹಳ. ಇನ್ನು 2019ರ ಮಾರ್ಚ್ 19ರ ಮಧ್ಯಾಹ್ನ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಜನ ಸತ್ತಾಗ ಭೂಮಿ ನಡುಗಿರಲಿಲ್ಲ. ತಡೆಯುವ ತಾಕತ್ತೇ ಇಲ್ಲದ ಕಟ್ಟಡಕ್ಕೆ ವಿಕೋಪ ಬರಬೇಕಂತಲೂ ಇಲ್ಲ.

ಅಂಕ ಹಾಕುವುದು

ಮನೆಗಳನ್ನು ಬಗೆ ಬಗೆಯಾಗಿ ವಿಂಗಡಿಸುವ ಪದ್ಧತಿಗಳಿವೆ. ಯುರೋಪಿನ 1998ರ ಒಂದು ಭೂಕಂಪ ಮಾಪಕದಲ್ಲಿ ಎ ಇಂದ ಎಫ್‌ವರೆಗೆ ಆರು ವರ್ಗ. ಒರಟು ಕಲ್ಲಿನ ಗೋಡೆ, ಹಸಿ ಇಟ್ಟಿಗೆಯ ಗೋಡೆ ಎ ವರ್ಗ, ಅಂದರೆ ಎಲ್ಲಕ್ಕಿಂತ ಮೊದಲು ಸೋಲುವಂಥವು. ನಮ್ಮಲ್ಲಿ ಕೇಂದ್ರ ಸರ್ಕಾರದ ಕಟ್ಟಡ ಸಾಮಗ್ರಿ ಮತ್ತು ತಂತ್ರಜ್ಞಾನ ಪ್ರೋತ್ಸಾಹ ಮಂಡಳಿ (ಬಿಎಂಟಿಪಿಸಿ) 1997ರಲ್ಲಿ ಮೊದಲ ಸಲ, ಆಮೇಲೆ 2006 ಮತ್ತು 2019ರಲ್ಲಿ, ಜಿಲ್ಲಾವಾರು ದುರ್ಬಲತೆಯ ಅಟ್ಲಾಸ್ ತಂದಿದೆ. ಜನಗಣತಿಯಲ್ಲಿ ಸಿಕ್ಕ ಗೋಡೆ-ಚಾವಣಿಯ ಲೆಕ್ಕವನ್ನು ಭೂಕಂಪ, ಗಾಳಿ, ನೆರೆಯ ನಕ್ಷೆಯ ಪಕ್ಕದಲ್ಲಿಟ್ಟು ಯಾವ ಜಿಲ್ಲೆಯಲ್ಲಿ ಎಂಥ ಮನೆಗಳಿಗೆ ಎಷ್ಟು ಅಪಾಯ ಎಂದು ತೋರಿಸುತ್ತದೆ. ಜಿಲ್ಲೆಯ ಚಿತ್ರಕ್ಕೆ ಅದು ಒಳ್ಳೆಯದು. ನಿಮ್ಮ ಹೊಸ್ತಿಲು ರಸ್ತೆಗಿಂತ ತಗ್ಗಿದೆಯೋ ಎತ್ತರವಿದೆಯೋ ಅದಕ್ಕೆ ಗೊತ್ತಿಲ್ಲ.

ಇಲ್ಲಿ ಎ, ಬಿ, ಸಿ ಅಂದರೆ ಜನಕ್ಕೆ ನೆನಪಾಗುವುದು ಪರಿಹಾರದ ವರ್ಗ. 2019ರಲ್ಲಿ ಪೂರ್ತಿ ಬಿದ್ದ ಮನೆ ಎ, ಅದಕ್ಕೆ 5 ಲಕ್ಷ. ಬಿದ್ದ ಮೇಲೆ ಅಳೆಯುವ ಪದ್ಧತಿ ನಮಗೆಲ್ಲ ಬಾಯಿಪಾಠ. ಬೀಳುವ ಮೊದಲು ಅಳೆಯಲು ಅರ್ಧ ದಿನ ಸಾಕು, ಆದರೆ ಅದಕ್ಕೆ ಅರ್ಜಿ ನಮೂನೆ ಇಲ್ಲ.

ದುಡ್ಡಿನ ಲೆಕ್ಕವನ್ನೂ ಒಮ್ಮೆ ಹಾಕೋಣ. ಸುಮ್ನೆ ಉದಾಹರಣೆಗೆ, ಮನೆಯ ಬೆಲೆ 8 ಲಕ್ಷ. ಇಪ್ಪತ್ತೈದು ವರ್ಷಕ್ಕೊಮ್ಮೆ ಒಳಗೆ ನೀರು ಬರುತ್ತದೆ, ಬಂದಾಗ ಶೇ. 30 ಹಾಳು, ಅಂದರೆ 2 ಲಕ್ಷ 40 ಸಾವಿರ. ಇದನ್ನು 25ರಿಂದ ಭಾಗಿಸಿದರೆ ವರ್ಷಕ್ಕೆ 9,600. ನೀವು ಕಟ್ಟದಿದ್ದರೂ ಹಳ್ಳ ನಿಮ್ಮ ಹೆಸರಿಗೆ ಪ್ರತಿ ವರ್ಷ ಬರೆದುಕೊಳ್ಳುವ ಬಾಕಿ ಅದು. ಮನೆ ಕಟ್ಟುವಾಗಲೇ ಪ್ಲಿಂತ್ (ಮನೆಯ ಅಡಿಪಾಯದ ಕಟ್ಟೆ) ಎರಡು ಅಡಿ ಏರಿಸುವ ಖರ್ಚನ್ನು ಗೌಂಡಿಯ ಹತ್ತಿರ ಕೇಳಿ, ಇದರ ಪಕ್ಕ ಇಟ್ಟು ನೋಡಿ. ಪ್ರಾಣದ ಲೆಕ್ಕ ಈ ಪಟ್ಟಿಯಲ್ಲಿ ಸೇರಿಲ್ಲ.

ಅತ್ತೆಯ ಮನೆಯಲ್ಲಿ ಕಳೆದ ಬೇಸಿಗೆಯಲ್ಲಿ ಮಾಳಿಗೆಯ ಮಣ್ಣು ಮುಕ್ಕಾಲು ಅಡಿ ಇಳಿಸಿದೆವು. ನಾಲ್ಕು ಆಳು, ಮೂರು ದಿನ. "ಇಷ್ಟ್ ಮಣ್ಣ ನಮ್ಮ ತಲಿ ಮ್ಯಾಲಿತ್ತೇನೋ ತಮ್ಮಾ" ಅಂತ ಅಂಗಳದ ಗುಡ್ಡೆ ನೋಡಿ ಅತ್ತೆ ಬಾಯಿ ಮೇಲೆ ಕೈ ಇಟ್ಟುಕೊಂಡರು. ತುದಿ ಕೊಳೆತಿದ್ದ ಎರಡು ಜಂತಿ ಬದಲಿಸಿದೆವು, ಬಚ್ಚಲ ನೀರಿಗೆ ಗೋಡೆಯಿಂದ ಎಂಟು ಅಡಿ ದೂರದವರೆಗೆ ಪೈಪು ಹಾಕಿದೆವು. ದೇವರ ಕೋಣೆಯ ಗೋಡೆಯಲ್ಲಿ ಒಂದು ಬಿರುಕು ಇದೆ, ಅದು ಹಳೆಯದೋ ಈಗಲೂ ಬೆಳೆಯುತ್ತಿದೆಯೋ ಗೊತ್ತಾಗಬೇಕಿತ್ತು. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ಲಿನಲ್ಲಿ ಅಡ್ಡ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಮತ್ತು ಅಗಲ ಬರೆದು ಬಂದೆ. ಮೇ ತಿಂಗಳಲ್ಲಿ 4 ಮಿ.ಮೀ. ಇತ್ತು. ಆಗಸ್ಟ್‌ನಲ್ಲಿ ಅತ್ತೆ ಮೊಮ್ಮಗಳ ಕೈಯಲ್ಲಿ ಸ್ಕೇಲ್ ಇಡಿಸಿ ಫೋನ್ ಮಾಡಿಸಿದರು, 3 ಆಗಿತ್ತು. ಎರೆ ಉಬ್ಬಿದಾಗ ಮುಚ್ಚುವ ಬಿರುಕು ಅದು, ಗೆರೆ ದಾಟಿ ಮುಂದೆ ಹೋಗಿಲ್ಲ. ಮುಂದಿನ ಏಪ್ರಿಲ್‌ನಲ್ಲಿ ಮತ್ತೆ ಅಳೆಯಬೇಕು. ಈ ನಡುವೆ ಅತ್ತೆ ಗೋಡೆಗೆ ಸುಣ್ಣ ಬಳಿಸಬಾರದು ಅಂತ ಹೇಳಿದ್ದೇನೆ. ದೀಪಾವಳಿಗೆ ಸುಣ್ಣ ಬೇಡವೇ ಅಂತ ಜಗಳ ನಡೆದಿದೆ.